ಪ್ರಾಕ್ಸ್‌ಮಾಕ್ಸ್ ಸರ್ವರ್‌ನಲ್ಲಿ ವಿಎಂ ಬ್ಯಾಕಪ್ ಮತ್ತು ಡಿಸ್ಕ್ ಪಾರ್ಟಿಷನ್ ತೊಂದರೆಗಳು: ಸಮಗ್ರ ಮಾರ್ಗದರ್ಶಿ

ಸರ್ವರ್‌ನಲ್ಲಿ ಜಾಗ ಮುಗಿಯಿತು ಅಂದ ತಕ್ಷಣ ಜಾಸ್ತಿ ಜನ ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡುವ) ಟೂಲ್ ತೆರೆಯುತ್ತಾರೆ. ಅದು ಕೊನೆಗೆ ತೆರೆಯಬೇಕಾದ ಟೂಲ್. ವಿಎಂ (ವರ್ಚುವಲ್ ಮಷೀನ್, ಒಂದು ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಓಡಿಸುವ ಸರ್ವರ್‌ಗಳಲ್ಲಿ ಡಿಸ್ಕ್ ತುಂಬುವುದಕ್ಕೆ ಒಂದು ಮಾಮೂಲಿ ಕಾರಣ ಇದೆ. ರಾತ್ರಿ ಓಡುವ ಬ್ಯಾಕಪ್ಪೇ ಹೋಗಿ ಹೋಸ್ಟ್‌ನ (ವಿಎಂಗಳನ್ನು ಓಡಿಸುವ ಯಂತ್ರದ) ರೂಟ್ ಪಾರ್ಟಿಷನ್‌ನಲ್ಲಿ, ಅಂದರೆ ಅದರ ಸಿಸ್ಟಂ ಇರುವ ಭಾಗದಲ್ಲಿ ಕೂತಿರುತ್ತದೆ. ಅದಕ್ಕೇ ಈ ಎರಡು ವಿಷಯಗಳನ್ನು ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ. ನಂಬುವಂಥ ಬ್ಯಾಕಪ್ ಇಲ್ಲದೆ ಪಾರ್ಟಿಷನ್ ಮುಟ್ಟಬಾರದು. ಡಿಸ್ಕ್ ಹೇಗೆ ಹಂಚಿದೆ ಅಂತ ನೋಡದೆ ಬ್ಯಾಕಪ್ ಇಡಬಾರದು.

ಉದಾಹರಣೆಗೆ ಪ್ರಾಕ್ಸ್‌ಮಾಕ್ಸ್ ವಿಇ ಎಂಬ, ವಿಎಂಗಳನ್ನು ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇನೆ. ಇದು ಆಸ್ಟ್ರಿಯಾದ ವಿಯೆನ್ನಾದ ಒಂದು ಕಂಪನಿ ಮಾಡಿದ್ದು, 2008ರಿಂದ ಇದೆ. ಅಡಿಪಾಯ ಡೆಬಿಯನ್ ಲಿನಕ್ಸ್, ವಿಎಂ ಓಡಿಸುವುದು ಲಿನಕ್ಸ್‌ನ ಒಳಗೇ ಇರುವ ಕೆವಿಎಂ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡುಕೊಂಡಿತು. ಮರುವರ್ಷ ಫೆಬ್ರವರಿಯಲ್ಲಿ ವಿಎಂವೇರ್‌ನ ಇಂಥದ್ದೇ ಸಾಫ್ಟ್‌ವೇರ್ ಆದ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ ನಿಲ್ಲಿಸಿತು. 2025ರಲ್ಲಿ ಅದನ್ನು ಮತ್ತೆ ತಂದರೂ ಅಷ್ಟರಲ್ಲಿ ಸಣ್ಣ ಆಫೀಸುಗಳು, ಕಾಲೇಜು ಲ್ಯಾಬುಗಳು ಪ್ರಾಕ್ಸ್‌ಮಾಕ್ಸ್ ಕಡೆ ನೋಡಲು ಶುರು ಮಾಡಿದ್ದವು. ನಿಮ್ಮದು ಬೇರೆ ಹೈಪರ್‌ವೈಸರ್ (ವಿಎಂ ಓಡಿಸುವ ಸಾಫ್ಟ್‌ವೇರ್) ಆದರೂ ವಿಎಂ ಒಳಗಿನ ಕೆಲಸ ಹೆಚ್ಚುಕಡಿಮೆ ಇದೇ.

ಒಂದು ಸೂಚನೆ: ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ, ಉಳಿದ ಆಯ್ಕೆಗಳೆಲ್ಲ ಸಣ್ಣ ಅಕ್ಷರ.

## ಯಾವ ಪದರ ತುಂಬಿದೆ?

ಒಂದು ವಿಎಂ ಒಳಗಿನ ಫೈಲ್‌ನಿಂದ ನಿಜವಾದ ಎಸ್‌ಎಸ್‌ಡಿವರೆಗೆ ಕೆಳಗಿಳಿಯುತ್ತಾ ಹೋಗಿ. ಮೊದಲು ವಿಎಂ ಒಳಗಿನ ಫೈಲ್‌ಸಿಸ್ಟಂ. ಅದರ ಕೆಳಗೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ಒಟ್ಟುಮಾಡಿ ಬೇಕಾದಂತೆ ಹಂಚುವ ಲಿನಕ್ಸ್ ವ್ಯವಸ್ಥೆ) ಇದ್ದರೆ ಲಾಜಿಕಲ್ ವಾಲ್ಯೂಮ್. ಅದರ ಕೆಳಗೆ ಪಾರ್ಟಿಷನ್. ಆಮೇಲೆ ವರ್ಚುವಲ್ ಡಿಸ್ಕ್. ಅಲ್ಲಿಂದ ಕೆಳಗೆ ಹೋಸ್ಟ್‌ನ ಸ್ಟೋರೇಜ್, ಕಟ್ಟಕಡೆಗೆ ನಿಜವಾದ ಡಿಸ್ಕ್. ಒಂದರಲ್ಲಿ ಜಾಗ ಇದ್ದ ಮಾತ್ರಕ್ಕೆ ಅದರ ಮೇಲಿನದಕ್ಕೆ ತಾನಾಗಿ ಸಿಗುವುದಿಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ.

ವಿಎಂ ಒಳಗೆ ಹೋಗಿ ಈ ಮೂರನ್ನು ಮೊದಲು ನೋಡಿ. ಇವು ಬರೀ ಓದುವ ಕಮಾಂಡ್‌ಗಳು, ಏನನ್ನೂ ಬದಲಿಸುವುದಿಲ್ಲ.

`ಎಲ್‌ಎಸ್‌ಬಿಎಲ್‌ಕೆ -ಎಫ್` ಕೊಟ್ಟರೆ ಡಿಸ್ಕು, ಪಾರ್ಟಿಷನ್ನು, ಫೈಲ್‌ಸಿಸ್ಟಂ ಯಾವುದು ಯಾವುದರ ಒಳಗಿದೆ ಎಂದು ಕಾಣುತ್ತದೆ. `ಡಿಎಫ್ -ಎಚ್` ಎಷ್ಟು ಜಾಗ ಉಳಿದಿದೆ ಎಂದು ಹೇಳುತ್ತದೆ. `ಡಿಎಫ್ -ಐ` ಎಷ್ಟು ಐನೋಡ್ (ಪ್ರತಿ ಫೈಲ್‌ಗೂ ಒಂದು ಬೇಕಾಗುವ ದಾಖಲೆ) ಉಳಿದಿವೆ ಎಂದು ಹೇಳುತ್ತದೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. 20 ಜಿಬಿ ಖಾಲಿ ಕಾಣುತ್ತಿದ್ದರೂ «ಜಾಗ ಇಲ್ಲ» ಎಂಬ ಎರರ್ ಬಂದರೆ ಐನೋಡ್ ಮುಗಿದಿರಬಹುದು. ಸಣ್ಣ ಸಣ್ಣ ಸೆಷನ್ ಫೈಲ್‌ಗಳು, ಮೇಲ್ ಕ್ಯೂ ಇಂಥವು ಲಕ್ಷಗಟ್ಟಲೆ ಸೇರಿದಾಗ ಹೀಗಾಗುತ್ತದೆ. ಲಿನಕ್ಸ್‌ನ ಮಾಮೂಲಿ ಫೈಲ್‌ಸಿಸ್ಟಂ ಆದ ಇಎಕ್ಸ್‌ಟಿ4ರಲ್ಲಿ ಐನೋಡ್ ಎಷ್ಟಿರಬೇಕು ಎಂಬ ಅನುಪಾತ ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನ ಆಗಿರುತ್ತದೆ. ಆದ್ದರಿಂದ ಇಲ್ಲಿ ಫೈಲ್ ಅಳಿಸುವುದೇ ಸರಿಯಾದ ದಾರಿ.

ಇನ್ನೊಂದು ಇದರ ಉಲ್ಟಾ. `ಡಿಎಫ್` 100% ಅನ್ನುತ್ತದೆ, ಆದರೆ `ಡಿಯು` ಹಾಕಿ ಕೂಡಿಸಿದರೆ ಲೆಕ್ಕ ಅಷ್ಟಾಗುವುದಿಲ್ಲ. ಯಾರೋ ದೊಡ್ಡ ಲಾಗ್ ಫೈಲ್ ಅಳಿಸಿರುತ್ತಾರೆ, ಆದರೆ ಅದನ್ನು ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿರುತ್ತದೆ. `ಎಲ್‌ಎಸ್‌ಒಎಫ್ +ಎಲ್1` (ಇಲ್ಲಿ ಎಲ್ ದೊಡ್ಡ ಅಕ್ಷರ) ಕೊಟ್ಟರೆ ಅಂಥ ಫೈಲ್‌ಗಳ ಪಟ್ಟಿ ಸಿಗುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿ, ಜಾಗ ವಾಪಸ್ ಬರುತ್ತದೆ.

ಜೊತೆಗೆ ಇಎಕ್ಸ್‌ಟಿ4 ಸುಮ್ನೆ 5% ಜಾಗವನ್ನು ರೂಟ್ ಯೂಸರ್‌ಗೆ ಅಂತ ಎತ್ತಿಟ್ಟಿರುತ್ತದೆ. ಸಿಸ್ಟಂ ಡಿಸ್ಕಿಗೆ ಅದು ಒಳ್ಳೆಯದೇ. 2 ಟಿಬಿ ಡೇಟಾ ಡಿಸ್ಕಿನಲ್ಲಿ ಮಾತ್ರ ಅದು 100 ಜಿಬಿ ಆಗುತ್ತದೆ. ಅಂಥ ಕಡೆ `ಟ್ಯೂನ್2ಎಫ್‌ಎಸ್ -ಎಂ 1` ಎಂದು, ಮುಂದೆ ಪಾರ್ಟಿಷನ್ ಹೆಸರು ಕೊಟ್ಟು 1%ಗೆ ಇಳಿಸಬಹುದು. ಡಿಸ್ಕ್ ಓಡುತ್ತಿರುವಾಗಲೇ ಆಗುತ್ತದೆ.

## ಬ್ಯಾಕಪ್ ಎಲ್ಲಿ ಬೀಳುತ್ತಿದೆ ಎಂದು ನೋಡಿ

ಪ್ರಾಕ್ಸ್‌ಮಾಕ್ಸ್ ಅನ್ನು ಮಾಮೂಲಿಯಾಗಿ ಇನ್‌ಸ್ಟಾಲ್ ಮಾಡಿದರೆ ಎರಡು ಸ್ಟೋರೇಜ್ ಸಿಗುತ್ತವೆ. «ಲೋಕಲ್» ಎಂಬುದು ಒಂದು ಫೋಲ್ಡರ್. ಅದು `/ವರ್/ಲಿಬ್/ವಿಝಡ್`, ಅಂದರೆ ಹೋಸ್ಟ್‌ನ ರೂಟ್ ಪಾರ್ಟಿಷನ್‌ನ ಒಳಗೇ ಇದೆ. «ಲೋಕಲ್-ಎಲ್‌ವಿಎಂ» ಎಂಬುದು ಥಿನ್ ಪೂಲ್ (ಇದರ ವಿವರ ಮುಂದಿದೆ), ವಿಎಂ ಡಿಸ್ಕುಗಳು ಇರುವ ಜಾಗ. ಬ್ಯಾಕಪ್ ಜಾಬ್ ಮಾಡುವಾಗ ಸ್ಟೋರೇಜ್ ಬದಲಿಸದೆ ಬಿಟ್ಟರೆ ಫೈಲ್‌ಗಳು ಲೋಕಲ್‌ನ «ಡಂಪ್» ಫೋಲ್ಡರ್‌ಗೆ ಬೀಳುತ್ತವೆ. ಕೆಲವು ದಿನ ಎಲ್ಲ ಚೆನ್ನಾಗಿ ನಡೆಯುತ್ತದೆ. ಒಂದು ಬೆಳಿಗ್ಗೆ ರೂಟ್ ತುಂಬುತ್ತದೆ. ಆಗ ಕಾನ್ಫಿಗರೇಷನ್ ಬರೆಯಲು ಆಗುವುದಿಲ್ಲ, ಕೆಲವು ಸಲ ವೆಬ್ ಪುಟಕ್ಕೆ ಲಾಗಿನ್ನೇ ಆಗುವುದಿಲ್ಲ. ಓಡುತ್ತಿರುವ ವಿಎಂಗಳು ಓಡುತ್ತಲೇ ಇರುತ್ತವೆ, ಆದ್ದರಿಂದ ಗಾಬರಿಯಾಗಿ ಸರ್ವರ್ ರೀಬೂಟ್ ಮಾಡಬೇಡಿ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಿ, ಹಳೆಯ ಬ್ಯಾಕಪ್ ಫೈಲ್ ಒಂದನ್ನು ಬೇರೆ ಡಿಸ್ಕಿಗೆ ಸಾಗಿಸಿದರೆ ಸಾಕು.

ಬ್ಯಾಕಪ್ ಇರಬೇಕಾದದ್ದು ಬೇರೆ ಯಂತ್ರದಲ್ಲಿ. ಒಂದು ಎನ್‌ಎಎಸ್ (ನೆಟ್‌ವರ್ಕ್‌ನಲ್ಲಿರುವ ಡಿಸ್ಕ್ ಪೆಟ್ಟಿಗೆ) ಆಗಬಹುದು, ಹಳೆಯ ಡೆಸ್ಕ್‌ಟಾಪ್‌ಗೆ ಎರಡು ಹಾರ್ಡ್ ಡಿಸ್ಕ್ ಹಾಕಿದ್ದೂ ಆಗಬಹುದು. ರೈಡ್ (ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲಿ ಬರೆಯುವ ವ್ಯವಸ್ಥೆ) ಇದೆಯಲ್ಲ ಎನ್ನಬೇಡಿ. ತಪ್ಪಾಗಿ ಅಳಿಸಿದ ಫೈಲ್ ರೈಡ್‌ನ ಎರಡೂ ಡಿಸ್ಕಿನಲ್ಲಿ ಒಂದೇ ಕ್ಷಣದಲ್ಲಿ ಅಳಿದಿರುತ್ತದೆ. ಸ್ನ್ಯಾಪ್‌ಶಾಟ್ (ಡಿಸ್ಕ್ ಆ ಕ್ಷಣದಲ್ಲಿ ಇದ್ದ ಸ್ಥಿತಿಯ ಗುರುತು) ಕೂಡ ಬ್ಯಾಕಪ್ ಅಲ್ಲ. ಅದು ಇರುವುದು ಅದೇ ಡಿಸ್ಕಿನಲ್ಲಿ, ಡಿಸ್ಕ್ ಹೋದರೆ ಅದೂ ಹೋಯಿತು. ಸ್ನ್ಯಾಪ್‌ಶಾಟ್‌ನ ನಿಜವಾದ ಉಪಯೋಗ ಮುಂದೆ ಬರುತ್ತದೆ.

ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ತೆಗೆಯುವವರು ಒಂದು ಬಲೆ ನೆನಪಿಡಿ. `/ಎಂಎನ್‌ಟಿ/ಬ್ಯಾಕಪ್` ಎಂಬ ಫೋಲ್ಡರ್‌ಗೆ ಡಿಸ್ಕ್ ಮೌಂಟ್ ಮಾಡಿ (ಅಂದರೆ ಡಿಸ್ಕ್ ಆ ಫೋಲ್ಡರ್‌ನಲ್ಲಿ ತೆರೆಯುವ ಹಾಗೆ ಜೋಡಿಸಿ), ಅದನ್ನು ಡೈರೆಕ್ಟರಿ ಸ್ಟೋರೇಜ್ ಅಂತ ಸೇರಿಸಿದ್ದೀರಿ ಎಂದುಕೊಳ್ಳಿ. ಒಂದು ದಿನ ಕರೆಂಟ್ ಹೋಗಿ ಬರುತ್ತದೆ, ಡಿಸ್ಕ್ ಮೌಂಟ್ ಆಗುವುದಿಲ್ಲ. ಫೋಲ್ಡರ್ ಮಾತ್ರ ಅಲ್ಲೇ ಇದೆ, ಅಲ್ವಾ? ಬ್ಯಾಕಪ್ ಅದರೊಳಗೆ, ಅಂದರೆ ರೂಟ್ ಪಾರ್ಟಿಷನ್‌ಗೆ ಬರೆಯುತ್ತದೆ. ಆಮೇಲೆ ಯಾರಾದರೂ ಡಿಸ್ಕ್ ಮೌಂಟ್ ಮಾಡಿದರೆ ಆ ಫೈಲ್‌ಗಳು ಅದರ ಅಡಿಯಲ್ಲಿ ಮರೆಯಾಗುತ್ತವೆ. ರೂಟ್ ತುಂಬಿದೆ, ಆದರೆ ಏನು ತುಂಬಿದೆ ಎಂದು ಕಾಣುವುದೇ ಇಲ್ಲ.

ಹುಡುಕುವ ದಾರಿ: ಖಾಲಿ ಫೋಲ್ಡರ್ ಒಂದನ್ನು ಮಾಡಿ, `ಮೌಂಟ್ --ಬೈಂಡ್ / /ಎಂಎನ್‌ಟಿ/ರೂಟ್` ಎಂದು ಕೊಡಿ. ಈ ಬೈಂಡ್ ಮೌಂಟ್‌ನಲ್ಲಿ ರೂಟ್ ಪಾರ್ಟಿಷನ್ ಮಾತ್ರ ಕಾಣುತ್ತದೆ, ಅದರ ಮೇಲೆ ಕೂತ ಬೇರೆ ಡಿಸ್ಕುಗಳು ಕಾಣುವುದಿಲ್ಲ. ಅಲ್ಲಿ `ಡಿಯು -ಎಕ್ಸ್ -ಎಚ್ --ಮ್ಯಾಕ್ಸ್-ಡೆಪ್ತ್=2` ಓಡಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಮತ್ತೆ ಹೀಗಾಗದಿರಲು ಆ ಸ್ಟೋರೇಜ್‌ಗೆ `ಪಿವಿಇಎಸ್‌ಎಂ ಸೆಟ್ ಸ್ಟೋರೇಜ್-ಹೆಸರು --ಈಸ್_ಮೌಂಟ್‌ಪಾಯಿಂಟ್ ಯೆಸ್` ಎಂದು ಹೇಳಿಡಿ. ಆಮೇಲೆ ಡಿಸ್ಕ್ ಮೌಂಟ್ ಆಗಿಲ್ಲದಿದ್ದರೆ ಬ್ಯಾಕಪ್ ಫೇಲ್ ಆಗುತ್ತದೆ. ಫೇಲ್ ಆಗುವುದೇ ಇಲ್ಲಿ ನಮಗೆ ಬೇಕಾದದ್ದು.

## ಬ್ಯಾಕಪ್ ತೆಗೆಯುವ ಹಂತಗಳು

ಹಂತ 1: ಗೆಸ್ಟ್ ಏಜೆಂಟ್ (ವಿಎಂ ಒಳಗೆ ಓಡುವ ಸಹಾಯಕ ಪ್ರೋಗ್ರಾಂ) ಹಾಕಿ. ಡೆಬಿಯನ್, ಉಬುಂಟು ವಿಎಂ ಒಳಗೆ «ಕ್ಯೂಇಎಂಯು-ಗೆಸ್ಟ್-ಏಜೆಂಟ್» ಪ್ಯಾಕೇಜ್. ವಿಂಡೋಸ್‌ಗೆ ವರ್ಟ್‌ಐಒ ಐಎಸ್ಒದಲ್ಲೇ (ವಿಎಂಗೆ ಬೇಕಾದ ಡ್ರೈವರ್‌ಗಳ ಸಿಡಿ ಫೈಲ್) ಅದು ಬರುತ್ತದೆ. ಹೋಸ್ಟ್‌ನಲ್ಲಿ `ಕ್ಯೂಎಂ ಸೆಟ್ 101 --ಏಜೆಂಟ್ ಎನೇಬಲ್ಡ್=1` ಕೊಡಿ. 101 ಎಂಬುದು ವಿಎಂ ನಂಬರ್. ಇದಾದ ಮೇಲೆ ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು, ಒಳಗಿಂದ ರೀಬೂಟ್ ಮಾಡಿದರೆ ಸಾಲದು. `ಕ್ಯೂಎಂ ಏಜೆಂಟ್ 101 ಪಿಂಗ್` ಹಾಕಿ ನೋಡಿ. ಏನೂ ಹೇಳದೆ ಸುಮ್ಮನೆ ವಾಪಸ್ ಬಂದರೆ ಸರಿ ಇದೆ ಎಂದರ್ಥ.

ಏಜೆಂಟ್ ಯಾಕೆ ಬೇಕು? ಬ್ಯಾಕಪ್ ಶುರುವಾಗುವ ಕ್ಷಣದಲ್ಲಿ ಅದು ಫೈಲ್‌ಸಿಸ್ಟಂ ಅನ್ನು ಒಂದು ಗಳಿಗೆ ನಿಲ್ಲಿಸಿ, ಮೆಮೊರಿಯಲ್ಲಿ ಇರುವುದನ್ನು ಡಿಸ್ಕಿಗೆ ಬರೆಸುತ್ತದೆ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ವಿಂಡೋಸ್‌ನದೇ ವಿಎಸ್‌ಎಸ್ ಸೇವೆ ಬಳಸುತ್ತದೆ. ಏಜೆಂಟ್ ಇಲ್ಲದಿದ್ದರೂ ಬ್ಯಾಕಪ್ ಬರುತ್ತದೆ, ಆದರೆ ಅದು ಓಡುವಾಗಲೇ ವೈರ್ ಕಿತ್ತ ಕಂಪ್ಯೂಟರ್‌ನ ಡಿಸ್ಕಿಗೆ ಸಮ.

ಹಂತ 2: ಡೇಟಾಬೇಸ್‌ಗೆ ಬೇರೆ ವ್ಯವಸ್ಥೆ. ಮೈಎಸ್‌ಕ್ಯೂಎಲ್ ಇದ್ದರೆ ರಾತ್ರಿ ವಿಎಂ ಬ್ಯಾಕಪ್‌ಗೆ ಮೊದಲು ಒಂದು `ಮೈಎಸ್‌ಕ್ಯೂಎಲ್‌ಡಂಪ್ --ಸಿಂಗಲ್-ಟ್ರಾನ್ಸಾಕ್ಷನ್`, ಪೋಸ್ಟ್‌ಗ್ರೆಸ್ ಇದ್ದರೆ `ಪಿಜಿ_ಡಂಪ್` ಓಡುವ ಹಾಗೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್ ಸೇವೆ) ಹಾಕಿ. ಟ್ಯಾಲಿ ಇರುವ ವಿಂಡೋಸ್ ವಿಎಂ ಆದರೆ ಟ್ಯಾಲಿಯ ಒಳಗಿನ ಬ್ಯಾಕಪ್ ಕೂಡ ನಡೆಯಲಿ. ಒಂದು ಕಂಪನಿಯ ಲೆಕ್ಕ ಮಾತ್ರ ಹಿಂದಕ್ಕೆ ತರಬೇಕಾದಾಗ ಇಡೀ ವಿಎಂ ರಿಸ್ಟೋರ್ ಮಾಡುವ ಕಷ್ಟ ತಪ್ಪುತ್ತದೆ.

ಹಂತ 3: ಯಾವ ಡಿಸ್ಕ್ ಬ್ಯಾಕಪ್‌ನಲ್ಲಿ ಸೇರಿದೆ ಎಂದು ನೋಡಿ. `ಕ್ಯೂಎಂ ಕಾನ್ಫಿಗ್ 101` ಕೊಟ್ಟು ಡಿಸ್ಕ್ ಸಾಲುಗಳನ್ನು ಓದಿ. ಯಾವುದಾದರಲ್ಲಿ `ಬ್ಯಾಕಪ್=0` ಎಂದಿದ್ದರೆ ಆ ಡಿಸ್ಕ್ ಬ್ಯಾಕಪ್‌ನಲ್ಲಿ ಬರುವುದಿಲ್ಲ. ಯಾರೋ ಎಂದೋ ಜಾಗ ಉಳಿಸಲು ಟಿಕ್ ತೆಗೆದಿರುತ್ತಾರೆ. ಜಾಬ್ ಮಾತ್ರ ದಿನಾ ಹಸಿರು ಬಣ್ಣದಲ್ಲಿ «ಓಕೆ» ತೋರಿಸುತ್ತಲೇ ಇರುತ್ತದೆ.

ಹಂತ 4: ಮೋಡ್ ಆರಿಸಿ. ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ ಕಮಾಂಡ್ ಆದ ವಿಝಡ್‌ಡಂಪ್‌ನಲ್ಲಿ ಮೂರು ಇವೆ: ಸ್ಟಾಪ್, ಸಸ್ಪೆಂಡ್, ಸ್ನ್ಯಾಪ್‌ಶಾಟ್. ಸಸ್ಪೆಂಡ್ ಮರೆತುಬಿಡಿ. ದಿನನಿತ್ಯಕ್ಕೆ ಸ್ನ್ಯಾಪ್‌ಶಾಟ್ ಮೋಡ್, ವಿಎಂ ನಿಲ್ಲುವುದಿಲ್ಲ. ದೊಡ್ಡ ಅಪ್‌ಗ್ರೇಡ್ ಅಥವಾ ಪಾರ್ಟಿಷನ್ ಕೆಲಸಕ್ಕೆ ಮೊದಲು ಒಂದು ಸ್ಟಾಪ್ ಮೋಡ್ ಬ್ಯಾಕಪ್ ತೆಗೆಯಿರಿ.

`ವಿಝಡ್‌ಡಂಪ್ 101 --ಮೋಡ್ ಸ್ನ್ಯಾಪ್‌ಶಾಟ್ --ಸ್ಟೋರೇಜ್ ಎನ್‌ಎಎಸ್ --ಕಂಪ್ರೆಸ್ ಝಡ್‌ಎಸ್‌ಟಿಡಿ`

ಸ್ನ್ಯಾಪ್‌ಶಾಟ್ ಮೋಡ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಒಂದು ತೊಂದರೆ ಅರ್ಥವಾಗುತ್ತದೆ. ಇನ್ನೂ ಬ್ಯಾಕಪ್ ಆಗದ ಬ್ಲಾಕ್ ಒಂದಕ್ಕೆ ವಿಎಂ ಬರೆಯಲು ಹೋದರೆ, ಹಳೆಯ ಬ್ಲಾಕ್ ಮೊದಲು ಬ್ಯಾಕಪ್ ಜಾಗಕ್ಕೆ ಹೋಗಬೇಕು, ಆಮೇಲೆ ಹೊಸದು ಬರೆಯಬೇಕು. ಎನ್‌ಎಎಸ್ ನಿಧಾನ ಇದ್ದರೆ ವಿಎಂ ಕೂಡ ಕಾಯುತ್ತಾ ನಿಲ್ಲುತ್ತದೆ. ಬ್ಯಾಕಪ್ ಹೊತ್ತಿನಲ್ಲಿ ವೆಬ್‌ಸೈಟ್ ತೆವಳುತ್ತದೆ ಎಂಬ ದೂರಿನ ಹಿಂದೆ ಇದೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ 8.2ರಿಂದ «ಫ್ಲೀಸಿಂಗ್» ಎಂಬ ಆಯ್ಕೆ ಇದೆ. ಹಳೆಯ ಬ್ಲಾಕನ್ನು ತಾತ್ಕಾಲಿಕವಾಗಿ ಹೋಸ್ಟ್‌ನ ವೇಗದ ಡಿಸ್ಕಿನಲ್ಲೇ ಇಟ್ಟುಕೊಂಡು, ವಿಎಂ ಅನ್ನು ಕಾಯಿಸದೆ ಮುಂದೆ ಬಿಡುತ್ತದೆ. ಜಾಬ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಅದನ್ನು ಆನ್ ಮಾಡಿ.

ಹಂತ 5: ಎಷ್ಟು ಪ್ರತಿ ಇಟ್ಟುಕೊಳ್ಳಬೇಕು ಎಂದು ಲೆಕ್ಕ ಹಾಕಿ. ದಿನದ್ದು 7, ವಾರದ್ದು 4, ತಿಂಗಳದ್ದು 6 ಇಟ್ಟರೆ 17 ಪ್ರತಿ. ವಿಝಡ್‌ಡಂಪ್ ಪ್ರತಿ ಸಲ ಪೂರ್ತಿ ಫೈಲ್ ಬರೆಯುತ್ತದೆ. ಒಂದು ಫೈಲ್ 40 ಜಿಬಿ ಆದರೆ ಒಂದೇ ವಿಎಂಗೆ 680 ಜಿಬಿ ಬೇಕು. ಇಂಥ ವಿಎಂ ಐದಾರು ಇದ್ದರೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕುವುದೇ ಲೇಸು. 2020ರ ನವೆಂಬರ್‌ನಲ್ಲಿ ಅದರ 1.0 ಬಂತು. ವಿಎಂ ಡಿಸ್ಕನ್ನು 4 ಎಂಐಬಿ ತುಂಡು ಮಾಡಿ, ಒಂದೇ ಥರದ ತುಂಡನ್ನು ಒಂದೇ ಸಲ ಇಡುತ್ತದೆ. ಮೊದಲ ಬ್ಯಾಕಪ್ ನಿಧಾನ, ಆಮೇಲಿನವು ಬೇಗ. ಎನ್‌ಕ್ರಿಪ್ಷನ್ ಆನ್ ಮಾಡಿದರೆ ಆ ಕೀ ಫೈಲನ್ನು ಪ್ರಿಂಟ್ ಹಾಕಿ ಬೀರುವಿನಲ್ಲಿಡಿ. ಕೀ ಹೋದರೆ ಬ್ಯಾಕಪ್ ಇದ್ದೂ ಇಲ್ಲ.

ಹಂತ 6: ರಿಸ್ಟೋರ್ ಮಾಡಿ ನೋಡಿ. ಇದನ್ನು ಬಿಟ್ಟರೆ ಮೇಲಿನ ಐದೂ ಬರೀ ನಂಬಿಕೆಯ ಮೇಲೆ ನಿಂತಿರುತ್ತವೆ. ಹೊಸ ನಂಬರ್‌ಗೆ ರಿಸ್ಟೋರ್ ಮಾಡಿ:

`ಕ್ಯೂಎಂರಿಸ್ಟೋರ್ ಬ್ಯಾಕಪ್-ಫೈಲ್ 901 --ಸ್ಟೋರೇಜ್ ಲೋಕಲ್-ಎಲ್‌ವಿಎಂ --ಯೂನಿಕ್ 1`

«ಯೂನಿಕ್» ಕೊಟ್ಟರೆ ನೆಟ್‌ವರ್ಕ್ ಕಾರ್ಡಿಗೆ ಹೊಸ ಮ್ಯಾಕ್ ವಿಳಾಸ ಬರುತ್ತದೆ. ಅಷ್ಟೇ ಸಾಲದು. ಐಪಿ ವಿಳಾಸ ಒಳಗೆ ಹಳೆಯದೇ ಇರುತ್ತದಲ್ಲ. ಆನ್ ಮಾಡುವ ಮೊದಲು ನೆಟ್‌ವರ್ಕ್ ಡಿವೈಸ್‌ನಲ್ಲಿ «ಡಿಸ್ಕನೆಕ್ಟ್» ಟಿಕ್ ಹಾಕಿ. ಇಲ್ಲದಿದ್ದರೆ ಓಡುತ್ತಿರುವ ಅಸಲಿ ವಿಎಂ ಜೊತೆ ಜಗಳಕ್ಕೆ ನಿಲ್ಲುತ್ತದೆ. ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ಡೇಟಾಬೇಸ್ ತೆರೆದು, ನಿನ್ನೆಯ ದಾಖಲೆ ಇದೆಯೇ ನೋಡಿ. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಮುಂದೊಂದು ದಿನ ಬಾಸ್ ಕೇಳುವ ಮೊದಲ ಪ್ರಶ್ನೆ ಅದೇ. ವಿಎಂನ ಸ್ವಂತ ಬ್ಯಾಕಪ್ ಟ್ಯಾಬ್‌ನಲ್ಲಿ ಇರುವ ರಿಸ್ಟೋರ್ ಬಟನ್ ಮಾತ್ರ ಈ ಪರೀಕ್ಷೆಗೆ ಒತ್ತಬೇಡಿ, ಅದು ಇರುವ ವಿಎಂ ಮೇಲೇ ಬರೆಯುತ್ತದೆ.

## ಥಿನ್ ಪೂಲ್ ತುಂಬಿದಾಗ

ಹತ್ತು ಜನಕ್ಕೆ ಎಲೆ ಹಾಕಿ ಆರು ಜನಕ್ಕೆ ಅನ್ನ ಮಾಡಿಟ್ಟ ಹಾಗೆ ಥಿನ್ ಪೂಲ್. 500 ಜಿಬಿ ಪೂಲ್‌ನಲ್ಲಿ ಒಟ್ಟು 900 ಜಿಬಿಯ ವಿಎಂ ಡಿಸ್ಕುಗಳನ್ನು ಮಾಡಲು ಅದು ಬಿಡುತ್ತದೆ. ಎಲ್ಲರೂ ಒಟ್ಟಿಗೆ ಜಾಗ ಕೇಳದಿರುವ ತನಕ ಸರಿ. ಪೂಲ್ 100% ಆದ ದಿನ ವಿಎಂಗಳಿಗೆ ಬರೆಯಲು ಆಗುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಪುಟದಲ್ಲಿ ವಿಎಂ ಮೇಲೆ «ಐಒ-ಎರರ್» ಎಂದು ಕಾಣುತ್ತದೆ. ವಿಎಂ ಒಳಗೆ ನೋಡಿದರೆ ಅರ್ಧ ಡಿಸ್ಕ್ ಖಾಲಿ!

ಹೋಸ್ಟ್‌ನಲ್ಲಿ `ಎಲ್‌ವಿಎಸ್` ಕೊಡಿ. ಡೇಟಾ ಶೇಕಡಾ, ಮೆಟಾಡೇಟಾ ಶೇಕಡಾ ಎಂಬ ಎರಡು ಕಾಲಂ ನೋಡಿ. ಎರಡನೆಯದು ತುಂಬುವುದು ಮೊದಲನೆಯದಕ್ಕಿಂತ ಕೆಟ್ಟದ್ದು, ಪೂಲ್ ರಿಪೇರಿಗೇ ಬರಬಹುದು. ವಾಲ್ಯೂಮ್ ಗ್ರೂಪ್‌ನಲ್ಲಿ ಜಾಗ ಉಳಿದಿದ್ದರೆ `ಎಲ್‌ವಿಎಕ್ಸ್‌ಟೆಂಡ್ --ಪೂಲ್‌ಮೆಟಾಡೇಟಾಸೈಜ್ +1ಜಿ ಪಿವಿಇ/ಡೇಟಾ` ಎಂದು ಮೊದಲೇ ಹಿಗ್ಗಿಸಿಡಿ.

ಡೇಟಾ ತುಂಬಿದ್ದರೆ ಮೊದಲು ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆಯಿರಿ. ಮರೆತು ಬಿಟ್ಟ ಸ್ನ್ಯಾಪ್‌ಶಾಟ್ ತಿಂದಷ್ಟು ಜಾಗ ಬೇರೆ ಯಾವುದೂ ತಿನ್ನುವುದಿಲ್ಲ. ಆಮೇಲೆ ಡಿಸ್ಕಾರ್ಡ್. ವಿಎಂ ಒಳಗೆ ಫೈಲ್ ಅಳಿಸಿದ್ದು ಕೆಳಗಿನ ಪೂಲ್‌ಗೆ ತಾನಾಗಿ ತಿಳಿಯುವುದಿಲ್ಲ. ವರ್ಚುವಲ್ ಡಿಸ್ಕಿನ ಆಯ್ಕೆಯಲ್ಲಿ «ಡಿಸ್ಕಾರ್ಡ್» ಟಿಕ್ ಮಾಡಿ, ವಿಎಂ ಆಫ್ ಮಾಡಿ ಆನ್ ಮಾಡಿ, ಒಳಗೆ `ಎಫ್‌ಎಸ್‌ಟ್ರಿಮ್ -ಎವಿ` ಓಡಿಸಿ. ಎಷ್ಟೋ ಸಲ ಇಷ್ಟರಲ್ಲೇ ಪೂಲ್ ಹಗುರಾಗುತ್ತದೆ.

## ವಿಎಂ ಡಿಸ್ಕ್ ದೊಡ್ಡದು ಮಾಡುವುದು

ಬ್ಯಾಕಪ್ ಇದೆ, ರಿಸ್ಟೋರ್ ಆಗುತ್ತದೆ ಎಂದು ಖಚಿತ ಆಯಿತು. ಈಗ ಪಾರ್ಟಿಷನ್‌ಗೆ ಕೈ ಹಾಕಬಹುದು. ಅದಕ್ಕೂ ಮೊದಲು ಎರಡು ನಿಮಿಷದ ಕೆಲಸ: ವಿಎಂ ಒಳಗೆ `ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಎ` ಕೊಟ್ಟು, ಬಂದ ಪಠ್ಯವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ಇಡೀ ಪಾರ್ಟಿಷನ್ ಟೇಬಲ್ ಹತ್ತಿಪ್ಪತ್ತು ಸಾಲಿನಲ್ಲಿ ಸಿಕ್ಕಿತು. ಹಾಗೇ `ಕ್ಯೂಎಂ ಸ್ನ್ಯಾಪ್‌ಶಾಟ್ 101 ಮುಂಚೆ` ಎಂಬಂತೆ ಒಂದು ಸ್ನ್ಯಾಪ್‌ಶಾಟ್ (ಹೆಸರು ಇಂಗ್ಲಿಷ್‌ನಲ್ಲಿ ಇರಲಿ). ಸ್ನ್ಯಾಪ್‌ಶಾಟ್ ಇರುವುದು ಇಂಥ ಅರ್ಧ ಗಂಟೆಯ ಕೆಲಸಕ್ಕೇ. ಕೆಲಸ ಮುಗಿದು, ಎಲ್ಲ ಸರಿ ಎಂದಾದ ಮೇಲೆ ಅಳಿಸಿಬಿಡಿ.

ಇನ್ನೊಂದು, ಮಾರ್ಚ್ ಕೊನೆಯ ವಾರದಲ್ಲಿ ಅಕೌಂಟ್ಸ್ ವಿಎಂ ಡಿಸ್ಕ್ ಮುಟ್ಟಬೇಡಿ. ತಾಂತ್ರಿಕ ಕಾರಣ ಏನಿಲ್ಲ, ಬೈಸಿಕೊಳ್ಳುವುದು ಬೇಡ ಅಂತ.

ಹೋಸ್ಟ್‌ನಲ್ಲಿ `ಕ್ಯೂಎಂ ಡಿಸ್ಕ್ ರೀಸೈಜ್ 101 ಸ್ಕಝಿ0 +20ಜಿ` (ಇಲ್ಲಿ ಜಿ ದೊಡ್ಡ ಅಕ್ಷರ). ಡಿಸ್ಕ್ ಹಿಗ್ಗುತ್ತದೆ, ಆದರೆ ಕುಗ್ಗಿಸಲು ಬರುವುದಿಲ್ಲ. ಆದ್ದರಿಂದ ಸೊನ್ನೆ ಒಂದು ಜಾಸ್ತಿ ಬೀಳದ ಹಾಗೆ ನೋಡಿ. ಇನ್ನು ವಿಎಂ ಒಳಗೆ:

1. `ಎಲ್‌ಎಸ್‌ಬಿಎಲ್‌ಕೆ` ಹೊಸ ಅಳತೆ ತೋರಿಸುತ್ತಿದೆಯೇ ನೋಡಿ. ತೋರಿಸದಿದ್ದರೆ `/ಸಿಸ್/ಕ್ಲಾಸ್/ಬ್ಲಾಕ್/ಎಸ್‌ಡಿಎ/ಡಿವೈಸ್/ರೀಸ್ಕ್ಯಾನ್` ಎಂಬ ಫೈಲ್‌ಗೆ 1 ಎಂದು ಬರೆಯಿರಿ.

2. `ಗ್ರೋಪಾರ್ಟ್ /ಡೆವ್/ಎಸ್‌ಡಿಎ 3`. ಡಿಸ್ಕ್ ಹೆಸರಿಗೂ ಪಾರ್ಟಿಷನ್ ನಂಬರ್‌ಗೂ ನಡುವೆ ಜಾಗ ಬಿಡಬೇಕು. ಡೆಬಿಯನ್, ಉಬುಂಟುನಲ್ಲಿ ಇದು «ಕ್ಲೌಡ್-ಗೆಸ್ಟ್-ಯುಟಿಲ್ಸ್» ಪ್ಯಾಕೇಜ್‌ನಲ್ಲಿದೆ.

3. ಎಲ್‌ವಿಎಂ ಇದ್ದರೆ `ಪಿವಿರೀಸೈಜ್ /ಡೆವ್/ಎಸ್‌ಡಿಎ3`.

4. `ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +100%ಫ್ರೀ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ`. ಎಲ್ ಸಣ್ಣದು, «ಫ್ರೀ» ದೊಡ್ಡ ಅಕ್ಷರದಲ್ಲಿ. «ಆರ್» ಇದ್ದರೆ ಫೈಲ್‌ಸಿಸ್ಟಂ ಕೂಡ ಜೊತೆಗೇ ಹಿಗ್ಗುತ್ತದೆ.

ಎಲ್‌ವಿಎಂ ಇಲ್ಲದಿದ್ದರೆ 3 ಮತ್ತು 4ರ ಬದಲು ಇಎಕ್ಸ್‌ಟಿ4ಗೆ `ರೀಸೈಜ್2ಎಫ್‌ಎಸ್ /ಡೆವ್/ಎಸ್‌ಡಿಎ1`, ಎಕ್ಸ್‌ಎಫ್‌ಎಸ್‌ಗೆ `ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್ /`. ಮೊದಲನೆಯದಕ್ಕೆ ಪಾರ್ಟಿಷನ್ ಹೆಸರು, ಎರಡನೆಯದಕ್ಕೆ ಮೌಂಟ್ ಆದ ಜಾಗ.

ಉಬುಂಟು ಸರ್ವರ್ ಇದ್ದವರು ಡಿಸ್ಕ್ ಹಿಗ್ಗಿಸುವ ಮೊದಲೇ `ವಿಜಿಎಸ್` ಕೊಟ್ಟು ನೋಡಿ. ಅದರ ಇನ್‌ಸ್ಟಾಲರ್ ಎಲ್‌ವಿಎಂ ಆರಿಸಿದರೆ ಇಡೀ ಡಿಸ್ಕ್ ಬಳಸದೆ, ಒಂದು ಭಾಗವನ್ನಷ್ಟೇ ರೂಟ್‌ಗೆ ಕೊಟ್ಟು ಉಳಿದದ್ದನ್ನು ಹಾಗೇ ಬಿಟ್ಟಿರುತ್ತದೆ. ಆಗ ನಾಲ್ಕನೇ ಹಂತ ಒಂದೇ ಸಾಕು.

ಡಿಸ್ಕ್ ಒಂದು ಬೈಟ್ ಬಿಡದೆ ತುಂಬಿದ್ದರೆ ಗ್ರೋಪಾರ್ಟ್ ಕೂಡ ಓಡುವುದಿಲ್ಲ. ಅದಕ್ಕೆ `/ಟೆಂಪ್`ನಲ್ಲಿ (ಟೈಪ್ ಮಾಡುವಾಗ ಟಿ ಎಂ ಪಿ) ಸ್ವಲ್ಪ ಜಾಗ ಬೇಕು. `ಮೌಂಟ್ -ಟಿ ಟೆಂಪ್‌ಎಫ್‌ಎಸ್ ಟೆಂಪ್‌ಎಫ್‌ಎಸ್ /ಟೆಂಪ್` ಎಂದು ಮೆಮೊರಿಯ ಜಾಗ ಕೊಟ್ಟು ಮುಂದುವರಿಯಿರಿ. `ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ` (ಕೊನೆಯ ಎಂ ದೊಡ್ಡ ಅಕ್ಷರ), `ಆಪ್ಟ್ ಕ್ಲೀನ್` ಕೂಡ ಉಸಿರಾಡುವಷ್ಟು ಜಾಗ ಮಾಡಿಕೊಡುತ್ತವೆ.

ಎಂಬಿಆರ್ ಎಂಬ ಹಳೆಯ ಥರದ ಪಾರ್ಟಿಷನ್ ಟೇಬಲ್ ಇರುವ ಡಿಸ್ಕ್ 2 ಟಿಐಬಿ ದಾಟಿ ಹಿಗ್ಗುವುದಿಲ್ಲ, ಅಲ್ಲಿ ಸೆಕ್ಟರ್ ಲೆಕ್ಕಕ್ಕೆ ಇರುವುದು 32 ಬಿಟ್ ಮಾತ್ರ. ಅಷ್ಟು ಡೇಟಾ ಇದ್ದರೆ ಎರಡನೇ ವರ್ಚುವಲ್ ಡಿಸ್ಕ್ ಸೇರಿಸಿ ಅದರಲ್ಲಿಡಿ. ನನ್ನನ್ನು ಕೇಳಿದರೆ ಡೇಟಾ ಯಾವಾಗಲೂ ಬೇರೆ ಡಿಸ್ಕಿನಲ್ಲೇ ಇರಬೇಕು. ಹಿಗ್ಗಿಸುವುದು ಸುಲಭ, ಸಿಸ್ಟಂ ಕೆಟ್ಟರೆ ಡೇಟಾ ಡಿಸ್ಕ್ ಕಳಚಿ ಇನ್ನೊಂದು ವಿಎಂಗೆ ಹಾಕಬಹುದು.

### ದಾರಿಗೆ ಅಡ್ಡ ಕೂತ ಪಾರ್ಟಿಷನ್

ಪಾರ್ಟಿಷನ್ ಹಿಗ್ಗಬೇಕಾದರೆ ಅದರ ಬಲಕ್ಕೇ ಖಾಲಿ ಜಾಗ ಇರಬೇಕು. ಹಳೆಯ ಡೆಬಿಯನ್ ಇನ್‌ಸ್ಟಾಲ್‌ಗಳಲ್ಲಿ ಎಸ್‌ಡಿಎ1 ರೂಟ್, ಅದರ ಪಕ್ಕದಲ್ಲಿ ಎಸ್‌ಡಿಎ2 ಎಂಬ ಎಕ್ಸ್‌ಟೆಂಡೆಡ್ ಪಾರ್ಟಿಷನ್, ಅದರೊಳಗೆ ಎಸ್‌ಡಿಎ5 ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇರುತ್ತದೆ. ಸ್ವಾಪ್ ಅಡ್ಡ ಇರುವುದರಿಂದ ಗ್ರೋಪಾರ್ಟ್ «ನೋ ಚೇಂಜ್» ಎನ್ನುತ್ತದೆ. `ಸ್ವಾಪ್‌ಆಫ್ -ಎ` ಕೊಡಿ, ಎಫ್‌ಡಿಸ್ಕ್‌ನಲ್ಲಿ 2ನೇ ಪಾರ್ಟಿಷನ್ ಅಳಿಸಿ (5 ತಾನಾಗಿ ಹೋಗುತ್ತದೆ), ಆಮೇಲೆ 1ನ್ನು ಹಿಗ್ಗಿಸಿ. ಸ್ವಾಪ್‌ಗೆ ಒಂದು ಫೈಲ್ ಮಾಡಿಕೊಂಡರೆ ಸಾಕು. ಬೂಟ್‌ನಲ್ಲಿ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂಬ ಪಟ್ಟಿ ಇರುವ `/ಇಟಿಸಿ/ಎಫ್‌ಎಸ್‌ಟ್ಯಾಬ್`ನಲ್ಲಿ ಹಳೆಯ ಸ್ವಾಪ್ ಸಾಲು ತೆಗೆದು ಹೊಸದು ಹಾಕಿ. `/ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಕಾನ್ಫ್.ಡಿ/ರೆಸ್ಯೂಮ್` ಫೈಲ್‌ನಲ್ಲಿ «ರೆಸ್ಯೂಮ್=ನನ್» (ರೆಸ್ಯೂಮ್ ದೊಡ್ಡ ಅಕ್ಷರದಲ್ಲಿ) ಮಾಡಿ `ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು` ಓಡಿಸಿ. ಇದನ್ನು ಬಿಟ್ಟರೆ ಪ್ರತಿ ಬೂಟ್‌ನಲ್ಲೂ ಇಲ್ಲದ ಸ್ವಾಪನ್ನು ಹುಡುಕುತ್ತಾ ನಿಲ್ಲುತ್ತದೆ.

ವಿಂಡೋಸ್ ಸರ್ವರ್‌ನಲ್ಲಿ ಇದೇ ಕಥೆ ಬೇರೆ ವೇಷದಲ್ಲಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ «ಎಕ್ಸ್‌ಟೆಂಡ್ ವಾಲ್ಯೂಮ್» ಮಂಕಾಗಿರುತ್ತದೆ, ಏಕೆಂದರೆ ರಿಕವರಿ ಪಾರ್ಟಿಷನ್ ಮಧ್ಯೆ ಕೂತಿದೆ. ಅಡ್ಮಿನ್ ಆಗಿ `ರಿಏಜೆಂಟ್‌ಸಿ /ಡಿಸೇಬಲ್` ಕೊಡಿ. ಆಮೇಲೆ ಡಿಸ್ಕ್‌ಪಾರ್ಟ್‌ನಲ್ಲಿ ಡಿಸ್ಕ್ ಆರಿಸಿ, ರಿಕವರಿ ಪಾರ್ಟಿಷನ್ ಆರಿಸಿ, `ಡಿಲೀಟ್ ಪಾರ್ಟಿಷನ್ ಓವರ್‌ರೈಡ್`. ಒತ್ತುವ ಮೊದಲು ಪಾರ್ಟಿಷನ್ ನಂಬರ್ ಎರಡು ಸಲ ಓದಿ, ಡಿಸ್ಕ್‌ಪಾರ್ಟ್ ಮತ್ತೊಮ್ಮೆ ಕೇಳುವುದಿಲ್ಲ. ಸಿ ಹಿಗ್ಗಿಸುವಾಗ ಕೊನೆಯಲ್ಲಿ 1 ಜಿಬಿ ಬಿಟ್ಟು ರಿಕವರಿ ಪಾರ್ಟಿಷನ್ ಮತ್ತೆ ಮಾಡಿಕೊಳ್ಳಿ. 2024ರ ಜನವರಿಯ ವಿಂಡೋಸ್ ಅಪ್‌ಡೇಟ್ ಒಂದು ಈ ಪಾರ್ಟಿಷನ್ ಚಿಕ್ಕದಾಯಿತು ಎಂಬ ಕಾರಣಕ್ಕೇ ಎಷ್ಟೋ ಯಂತ್ರಗಳಲ್ಲಿ ಫೇಲ್ ಆಗಿತ್ತು.

## ಬೂಟ್ ಆಗುತ್ತಿಲ್ಲ, ಅಥವಾ ಡಿಸ್ಕ್ ರೀಡ್-ಓನ್ಲಿ ಆಗಿದೆ

ಪರದೆಯಲ್ಲಿ ಒಂದೂವರೆ ನಿಮಿಷ ಎಣಿಸಿ ಎಮರ್ಜೆನ್ಸಿ ಮೋಡ್‌ಗೆ ಬಂದರೆ ಬಹುಪಾಲು ಎಫ್‌ಎಸ್‌ಟ್ಯಾಬ್ ತಪ್ಪು. ಇಲ್ಲದ ಡಿಸ್ಕ್ ಒಂದನ್ನು ಕಾಯುತ್ತಿರುತ್ತದೆ. ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, `ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯೂ /` ಮಾಡಿ, ಆ ಸಾಲನ್ನು ಸರಿಪಡಿಸಿ. ಎಸ್‌ಡಿಬಿ1 ಎಂಬಂಥ ಹೆಸರು ಬೇಡ, ಡಿಸ್ಕ್ ಸೇರಿಸಿದಾಗ ಅದು ಬದಲಾಗಬಹುದು. `ಬಿಎಲ್‌ಕೆಐಡಿ` ತೋರಿಸುವ ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಹಾಕಿ. ಡೇಟಾ ಡಿಸ್ಕುಗಳಿಗೆ «ನೋಫೇಲ್» ಸೇರಿಸಿ. ಮುಂದೆ ಎಫ್‌ಎಸ್‌ಟ್ಯಾಬ್ ತಿದ್ದಿದಾಗೆಲ್ಲ ರೀಬೂಟ್‌ಗೆ ಮೊದಲು `ಫೈಂಡ್‌ಎಂಎನ್‌ಟಿ --ವೆರಿಫೈ` ಓಡಿಸಿ.

ಓಡುತ್ತಿದ್ದ ವಿಎಂ ಇದ್ದಕ್ಕಿದ್ದ ಹಾಗೆ ರೀಡ್-ಓನ್ಲಿ ಆದರೆ `ಡಿಮೆಸೇಜ್` (ಟೈಪ್ ಮಾಡುವಾಗ ಡಿ ಎಂ ಇ ಎಸ್ ಜಿ) ಓದಿ. ಹಾಗೇ ಹೋಸ್ಟ್‌ನಲ್ಲೂ ಓದಿ. ಮೇಲೆ ಕಂಡ ಗಾಯಕ್ಕೆ ಕಾರಣ ಕೆಳಗಿನ ಥಿನ್ ಪೂಲ್ ಅಥವಾ ಸಾಯುತ್ತಿರುವ ಡಿಸ್ಕ್ ಆಗಿರಬಹುದು. ಅದು ಸರಿಹೋಗುವ ತನಕ ವಿಎಂ ಒಳಗೆ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಂ ರಿಪೇರಿ ಕಮಾಂಡ್) ಓಡಿಸುವುದು ವ್ಯರ್ಥ.

ಇಲ್ಲಿ ಒಂದು ತುರ್ತು ಕೆಲಸ ಇದೆ. ಕೊನೆಯ ಒಳ್ಳೆಯ ಬ್ಯಾಕಪ್ ಮೇಲೆ «ಪ್ರೊಟೆಕ್ಟೆಡ್» ಗುರುತು ಹಾಕಿ. ಇಲ್ಲದಿದ್ದರೆ ನೀವು ರಿಪೇರಿ ಮಾಡುತ್ತಾ ಕೂತಿರುವ ದಿನಗಳಲ್ಲಿ ರಾತ್ರಿ ಜಾಬ್ ಕೆಟ್ಟ ಡಿಸ್ಕಿನ ಬ್ಯಾಕಪ್ ತೆಗೆಯುತ್ತಾ, ಒಳ್ಳೆಯದನ್ನು ಒಂದೊಂದಾಗಿ ಅಳಿಸುತ್ತಾ ಹೋಗುತ್ತದೆ.

ಆಮೇಲೆ ಕೆಟ್ಟ ಸ್ಥಿತಿಯದ್ದೇ ಒಂದು ಸ್ನ್ಯಾಪ್‌ಶಾಟ್. ರಿಪೇರಿ ಇನ್ನೂ ಕೆಡಿಸಿದರೆ ಹಿಂದಕ್ಕೆ ಬರಬೇಕಲ್ಲ. ವಿಎಂಗೆ ಸಿಸ್ಟಂರೆಸ್ಕ್ಯೂ (ರಿಪೇರಿಗೆಂದೇ ಇರುವ ಲಿನಕ್ಸ್) ಐಎಸ್ಒ ಹಾಕಿ ಬೂಟ್ ಮಾಡಿ, ಮೌಂಟ್ ಆಗಿರದ ಪಾರ್ಟಿಷನ್ ಮೇಲೆ `ಇ2ಎಫ್‌ಎಸ್‌ಸಿಕೆ -ಎಫ್`. ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಂನ ಮೂಲ ವಿವರ ಇರುವ ಬ್ಲಾಕ್) ಹಾಳಾಗಿದೆ ಎಂದರೆ `-ಬಿ 32768` ಸೇರಿಸಿ, 4 ಕೆಬಿ ಬ್ಲಾಕ್ ಇರುವ ಇಎಕ್ಸ್‌ಟಿ4ರಲ್ಲಿ ಒಂದು ಪ್ರತಿ ಅಲ್ಲಿರುತ್ತದೆ. ಎಕ್ಸ್‌ಎಫ್‌ಎಸ್ ಆದರೆ ಮೊದಲು ಸುಮ್ನೆ ಮೌಂಟ್ ಮಾಡಿ ನೋಡಿ, ಲಾಗ್ ತಾನೇ ಸರಿಪಡಿಸಿಕೊಳ್ಳಬಹುದು. ಆಗದಿದ್ದರೆ `ಎಕ್ಸ್‌ಎಫ್‌ಎಸ್_ರಿಪೇರ್ -ಎನ್`, ಇದು ನೋಡುತ್ತದೆ ಅಷ್ಟೇ, ಬರೆಯುವುದಿಲ್ಲ. ದೊಡ್ಡ ಎಲ್ ಆಯ್ಕೆ ಲಾಗನ್ನೇ ಎಸೆಯುತ್ತದೆ, ಬೇರೆ ದಾರಿ ಇಲ್ಲದಾಗ ಮಾತ್ರ.

## ಪಾರ್ಟಿಷನ್ ಟೇಬಲ್ಲೇ ಹೋದರೆ

ತಪ್ಪು ಡಿಸ್ಕಿನ ಟೇಬಲ್ ಅಳಿಸಿದ್ದೀರಿ, ಆದರೆ ಯಂತ್ರ ಇನ್ನೂ ಓಡುತ್ತಿದೆ. ರೀಬೂಟ್ ಮಾಡಲೇಬೇಡಿ. ಆ ಪಾರ್ಟಿಷನ್‌ಗಳು ಬಳಕೆಯಲ್ಲಿದ್ದರೆ ಕರ್ನಲ್ ಹಳೆಯ ಟೇಬಲನ್ನು ಇನ್ನೂ ನೆನಪಿಟ್ಟುಕೊಂಡಿರುತ್ತದೆ. `/ಸಿಸ್/ಬ್ಲಾಕ್/ಎಸ್‌ಡಿಎ/ಎಸ್‌ಡಿಎ1/` ಒಳಗೆ «ಸ್ಟಾರ್ಟ್», «ಸೈಜ್» ಎಂಬ ಎರಡು ಫೈಲ್‌ಗಳಿವೆ. ಪ್ರತಿ ಪಾರ್ಟಿಷನ್‌ಗೂ ಆ ಎರಡು ಸಂಖ್ಯೆ ಬರೆದುಕೊಳ್ಳಿ. ಎರಡೂ 512 ಬೈಟ್ ಸೆಕ್ಟರ್ ಲೆಕ್ಕ. ಎಫ್‌ಡಿಸ್ಕ್‌ನಲ್ಲಿ ಅದೇ ಸಂಖ್ಯೆಗಳಿಂದ ಪಾರ್ಟಿಷನ್ ಮತ್ತೆ ಮಾಡಿ. ಇಲ್ಲಿ ಇಎಕ್ಸ್‌ಟಿ4 ಗುರುತು ಇದೆ, ತೆಗೆಯಲೇ ಎಂದು ಅದು ಕೇಳುತ್ತದೆ. «ನೋ» ಅನ್ನಿ. ಆ ಒಂದು ಉತ್ತರದ ಮೇಲೆ ಡೇಟಾ ಉಳಿಯುವುದು ನಿಂತಿದೆ. ಮತ್ತೆ ಫಾರ್ಮ್ಯಾಟ್ ಮಾಡಲೂ ಹೋಗಬೇಡಿ.

ಮೊದಲೇ ಎತ್ತಿಟ್ಟ `ಎಸ್‌ಎಫ್‌ಡಿಸ್ಕ್` ಪಠ್ಯ ಇದ್ದರೆ ಅದನ್ನೇ `ಎಸ್‌ಎಫ್‌ಡಿಸ್ಕ್ /ಡೆವ್/ಎಸ್‌ಡಿಎ`ಗೆ ಕೊಟ್ಟರೆ ಮುಗಿಯಿತು. ಜಿಪಿಟಿ (ಹೊಸ ಥರದ ಪಾರ್ಟಿಷನ್ ಟೇಬಲ್) ಡಿಸ್ಕ್ ಆದರೆ ಟೇಬಲ್‌ನ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುತ್ತದೆ, `ಜಿಡಿಸ್ಕ್` ಅದರಿಂದ ಮರಳಿ ಕಟ್ಟಬಲ್ಲದು. ಎಲ್‌ವಿಎಂ ವಿವರ ಹೋಗಿದ್ದರೆ `/ಇಟಿಸಿ/ಎಲ್‌ವಿಎಂ/ಬ್ಯಾಕಪ್` ನೋಡಿ, `ವಿಜಿಸಿಎಫ್‌ಜಿರಿಸ್ಟೋರ್` ಇರುವುದು ಅದಕ್ಕೇ. ಯಾವುದೂ ಇಲ್ಲದಿದ್ದರೆ ಟೆಸ್ಟ್‌ಡಿಸ್ಕ್ ಓಡಿಸಿ, ಅದು ಡಿಸ್ಕ್ ಪೂರ್ತಿ ಜಾಲಾಡಿ ಹಳೆಯ ಗಡಿಗಳನ್ನು ಹುಡುಕುತ್ತದೆ.

## ನಿಜವಾದ ಡಿಸ್ಕ್ ಸಾಯುತ್ತಿದ್ದರೆ

ಹೋಸ್ಟ್‌ನಲ್ಲಿ `ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಬಿ`. ಹಾರ್ಡ್ ಡಿಸ್ಕಿನಲ್ಲಿ ರೀಅಲೊಕೇಟೆಡ್, ಪೆಂಡಿಂಗ್ (ಕೆಟ್ಟ ಅಥವಾ ಕೆಡುತ್ತಿರುವ) ಸೆಕ್ಟರ್ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ. ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆಗುವ ತಪ್ಪು) ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಬಹಳ ಸಲ ಅದೇ ಆಗಿರುತ್ತದೆ.

ಬ್ಯಾಕಪ್ ಇದ್ದರೆ ಹೊಸ ಡಿಸ್ಕ್ ಹಾಕಿ ರಿಸ್ಟೋರ್ ಮಾಡಿ, ಹಳೆಯದರ ಜೊತೆ ಗುದ್ದಾಡಬೇಡಿ. ಇಲ್ಲದಿದ್ದರೆ ಎಫ್‌ಎಸ್‌ಸಿಕೆ ಬೇಡವೇ ಬೇಡ. ಅದು ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುತ್ತದೆ. ಡೆಬಿಯನ್‌ನಲ್ಲಿ «ಜಿಡಿಡಿರೆಸ್ಕ್ಯೂ» ಪ್ಯಾಕೇಜ್ ಹಾಕಿ. ಮೊದಲ ಸುತ್ತು `ಡಿಡಿರೆಸ್ಕ್ಯೂ -ಡಿ -ಎನ್ /ಡೆವ್/ಎಸ್‌ಡಿಬಿ ಡಿಸ್ಕ್.ಇಮೇಜ್ ಮ್ಯಾಪ್`. ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಎನ್ ತೆಗೆದು `-ಆರ್ 3` ಹಾಕಿ, ಉಳಿದ ಜಾಗವನ್ನು ಮೂರು ಸಲ ಪ್ರಯತ್ನಿಸುತ್ತದೆ. ಮ್ಯಾಪ್ ಫೈಲ್ ಕಳೆದುಕೊಳ್ಳಬೇಡಿ, ಮಧ್ಯೆ ಕರೆಂಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಯುವುದು ಅದರಿಂದ. ಎಲ್ಲ ರಿಪೇರಿಯನ್ನೂ ಆ ಇಮೇಜ್‌ನ ಇನ್ನೊಂದು ಕಾಪಿ ಮೇಲೆ ಮಾಡಿ. ವಿಎಂ ಮತ್ತೆ ಎದ್ದು ನಿಂತ ಮೇಲೆ ಬ್ಯಾಕಪ್ ಜಾಬ್ ತೆರೆದು, ಹೊಸ ಡಿಸ್ಕ್ ಅದರಲ್ಲಿ ಸೇರಿದೆಯೇ, ಸ್ಟೋರೇಜ್ ಹೆಸರು ಸರಿ ಇದೆಯೇ ನೋಡಿ, ಅಂದೇ ಒಂದು ಬ್ಯಾಕಪ್ ಕೈಯಾರೆ ಓಡಿಸಿ.